ಕಡ್ಡಿ ಪಾಸಾದ ಸುದ್ದಿ

ಜೂನ್ 6

ಅಕ್ಕಾ,

ಇಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ. ಫೋನಿನಲ್ಲಿ ಓದಿದರೆ ಅದು ಓದೇ ಅಲ್ಲ ಅಂತ ಯಾವ ಶಾಸ್ತ್ರದಲ್ಲಿದೆ? ಅಕ್ಷರ ಅದೇ, ಕಣ್ಣು ಅದೇ. ನಿನ್ನ ಮಗ ಆ ಹಡಗಿನ ಕಥೆ ಓದುತ್ತಾ ತಟ್ಟೆ ಮುಂದೆ ಕೂತು ಅತ್ತ ಅಂತ ನೀನೇ ಹೇಳಿದ್ದೆ. ಪುಸ್ತಕ ಓದಿ ಅತ್ತಿದ್ದರೆ ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬರ್ತಿದ್ದೆ. ಫೋನ್ ನೋಡಿ ಅತ್ತ, ಅದಕ್ಕೆ ಬೈದೆ.

ಇದನ್ನೇ ನಿನ್ನೆ ಹೇಳೋಕೆ ಹೋದರೆ ಕಟ್ ಮಾಡಿದೆ. ಮೆಸೇಜ್ ಹಾಕಿದರೆ, 'ಕಾಗದ ಬರಿ, ಆಗಲಾದರೂ ಯೋಚನೆ ಮಾಡಿ ಮಾತಾಡ್ತೀಯ' ಅಂತ ಉತ್ತರ. ಸರಿ, ತಗೋ. ಹತ್ತನೇ ಕ್ಲಾಸ್ ಪರೀಕ್ಷೆ ಆದಮೇಲೆ ನಾನು ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ತಪ್ಪಿಗೆಲ್ಲ ಕೆಂಪು ಇಂಕಿನಲ್ಲಿ ಗುರುತು ಹಾಕಿ ವಾಪಸ್ ಕಳಿಸಬೇಡ.

ಈಗ ಕಡ್ಡಿ ಸುದ್ದಿ ಕೇಳು. ನಿನ್ನ ಮಗ ಒಂದು ವರ್ಷ ಸಾಕಿ, ಮೂಗು ಒರೆಸಿಕೊಳ್ಳುತ್ತಾ ನಮ್ಮ ನಾಯಿ ತರಬೇತಿ ಕೇಂದ್ರದ ವ್ಯಾನ್ ಹತ್ತಿಸಿದ್ದನಲ್ಲ, ಆ ಕಡ್ಡಿ ಈಗ ಕಡ್ಡಿ ಅಲ್ಲ, ತೊಲೆ. ಮೊನ್ನೆ ಮೊದಲ ಸಲ ಅದರ ಬೆನ್ನಿಗೆ ಹಿಡಿ ಕಟ್ಟಿ ಬೀದಿಗೆ ಇಳಿಸಿದೆವು. ಕಣ್ಣು ಕಾಣದವರು ಹಿಡಿದುಕೊಂಡು ನಡೆಯೋ ಹಿಡಿ ಅದು. ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಹಿಂದೆ ನಮ್ಮ ಮೇಡಂ ಬರ್ತಿದ್ರು, ನಮ್ಮ ಟ್ರೈನರ್‌ಗಳಿಗೆಲ್ಲ ಅವರೇ ಹಿರಿಯರು.

ಹೊಸ ನಾಯಿ ಅಂದರೆ ಏನು ಗೊತ್ತಾ ಅಕ್ಕಾ? ಅದಕ್ಕೆ ತನ್ನ ಮೈ ಅಳತೆ ಗೊತ್ತು, ಪಕ್ಕದ ಮನುಷ್ಯನ ಅಳತೆ ಗೊತ್ತಿರಲ್ಲ. ಸಂದಿಯಲ್ಲಿ ತಾನು ನುಸುಳಿ ಹೋಗುತ್ತೆ, ನಮ್ಮ ಹಣೆ ಹೋಗಿ ಕಂಬಕ್ಕೆ. ಅದನ್ನು ಬಿಡಿಸೋದೇ ತಿಂಗಳುಗಟ್ಟಲೆ ಕೆಲಸ. ಕಡ್ಡಿ ನನ್ನನ್ನು ದೀಪದ ಕಂಬ ಸುತ್ತಿಸಿತು, ನಿಲ್ಲಿಸಿದ್ದ ಸೈಕಲ್ ತಪ್ಪಿಸಿತು, ತಲೆಗೆ ತಾಗೋ ಹಾಗಿದ್ದ ಅಂಗಡಿ ಬೋರ್ಡಿನ ಮುಂದೆ ನಿಂತೇಬಿಟ್ಟಿತು. ಮೇಡಂ, 'ಇದಕ್ಕೆ ಯಾರಪ್ಪಾ ಪಾಠ ಹೇಳಿದ್ದು?' ಅಂದರು.

ಯಾರು ಅಂತ ನನಗೆ ಹೊಳೆಯಿತು. ನಮ್ಮ ಗೂಬೆ, ನಿನ್ನ ಮಗನೇ. ಸಂಜೆ ಫೋನ್ ಮುಖಕ್ಕೆ ಅಂಟಿಸಿಕೊಂಡು ಕಡ್ಡಿ ಜೊತೆ ತಿರುಗುತ್ತಿದ್ದ. 'ಕಂಬ ಬಂದರೆ ಅವಳೇ ಎಳೀತಾಳೆ ಮಾವ, ನಾನು ತಲೆ ಎತ್ತೋದೇ ಬೇಡ' ಅಂತ ನನ್ನ ಹತ್ತಿರ ಕೊಚ್ಚಿಕೊಂಡಿದ್ದ. ನೋಡು, ನೀನು ಓದೇ ಅಲ್ಲ ಅಂದ ಓದು ನಮ್ಮ ಅರ್ಧ ಕೆಲಸ ಮುಗಿಸಿಟ್ಟಿದೆ. ಇನ್ನೇನು ಹೇಳ್ತೀಯ ಹೇಳು.

ಅವನನ್ನು ಕೇಳಿದೆ ಅಂತ ಹೇಳು. ತರಬೇತಿ ಮುಗಿಯೋವರೆಗೆ ಸಾಕಿದವರು ಬಂದು ನೋಡೋ ಹಾಗಿಲ್ಲ, ಅದನ್ನೂ ಮತ್ತೆ ನೆನಪು ಮಾಡು.

ನಿನ್ನ ತಮ್ಮ

* * *

ಜೂನ್ 15

ತಮ್ಮಾ,

ಕೆಂಪು ಗುರುತು ಹಾಕಿಲ್ಲ. ಹಾಕಲು ಕೂತಿದ್ದರೆ ಇಂಕು ಸಾಲುತ್ತಿರಲಿಲ್ಲ.

ನಿನ್ನ ವಾದವೂ ನಿನ್ನ ಹಾಗೆಯೇ. ಓಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಗ್ಯಾರೇಜು ಬಿಟ್ಟೆ, ಕೊರಿಯರ್ ಬಿಟ್ಟೆ, ಕೇಬಲ್ ಕೆಲಸ ಬಿಟ್ಟೆ. ನಾಯಿಗಳ ಹತ್ತಿರವಾದರೂ ನಿಂತಿದ್ದೀಯಲ್ಲ, ಅಷ್ಟೇ ನನ್ನ ಪುಣ್ಯ. ಆದರೆ ಒಂದು ನಾಯಿ ಕಂಬ ತಪ್ಪಿಸಿತು ಎಂದು ಮಗ ಕಂಬಕ್ಕೆ ಹೊಡೆದುಕೊಳ್ಳುವಷ್ಟು ಮೈಮರೆತು ನಡೆಯುವುದು ಸರಿಯಾಗುತ್ತದೆಯೇ?

ಅವನು ದಾರಿಯಲ್ಲಿ ಓದಿಕೊಂಡು ಹೋಗುವುದು ನನಗೂ ಗೊತ್ತು. ಬೇಡ ಬೇಡ ಎಂದು ಹೇಳಿ ಸೋತು, ಕೊನೆಗೆ ಒಂದೇ ಮಾತು ಕೇಳಿಕೊಂಡಿದ್ದೆ. ಎಲ್ಲಿ ಬೇಕಾದರೂ ಓದು, ರಸ್ತೆ ದಾಟುವಾಗ ಮಾತ್ರ ತಲೆ ಎತ್ತು ಎಂದು. ಆ ಒಂದು ಮಾತನ್ನು ಅವನು ಮೀರಿಲ್ಲ. ಮಹಡಿಯ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ.

ನಾನು ನೋಡಿಕೊಳ್ಳುವ ಲೈಬ್ರರಿಗೆ ಬಾ ಎಂದರೆ, 'ಅಮ್ಮಾ, ಅಲ್ಲಿ ಸೀನು ಬರುತ್ತೆ' ಅನ್ನುತ್ತಾನೆ. ನಗಬೇಡ. ಯಾರೂ ತೆಗೆಯದ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ, ಬಿಡಿಸಲು ಹೋದರೆ ಹರಿಯುತ್ತವೆ. ನಿನಗೆ ಇದೆಲ್ಲ ಬೇಡ, ಬಿಡು.

ನಿನ್ನ ಕಾಗದ ಅವನಿಗೆ ಓದಿ ಹೇಳುತ್ತಿದ್ದೆ. ಅರ್ಧದಲ್ಲೇ ಕಸಿದುಕೊಂಡು ತಾನೇ ಓದಿದ, ಮತ್ತೆ ಮತ್ತೆ ಓದಿದ. ಈಗ ಅದು ಅವನ ದಿಂಬಿನ ಕೆಳಗಿದೆ. ಕಾಗದದ ಮೇಲಿದ್ದದ್ದನ್ನೂ ಓದಬಲ್ಲ ಎಂದಾಯಿತು. ಕಡ್ಡಿಗೆ ಊಟ ಸರಿಯಾಗಿ ಹಾಕು.

ಅಕ್ಕ

* * *

ಜುಲೈ 9

ಅಕ್ಕಾ,

ಈ ಸಲ ಜಗಳ ಇಲ್ಲ. ಒಂದು ತೊಡಕಿದೆ.

ಕಂಬ, ಮೆಟ್ಟಿಲು, ಗುಂಡಿ ಎಲ್ಲದರಲ್ಲೂ ಕಡ್ಡಿ ಮೊದಲು. ಆದರೆ ರಸ್ತೆ ಪಾಠ ಅಂತ ಒಂದಿದೆ. ನಾವು ಫುಟ್‌ಪಾತಿನ ಅಂಚಲ್ಲಿ ನಿಂತು 'ಮುಂದೆ' ಅಂತೀವಿ. ಅದೇ ಹೊತ್ತಿಗೆ ನಮ್ಮ ಡ್ರೈವರ್ ಸದ್ದಿಲ್ಲದೆ ಕಾರು ತರ್ತಾನೆ. ಆಗ ನಾಯಿ ನಮ್ಮ ಮಾತು ಕೇಳಬಾರದು. ಕಾಲು ಊರಿ ನಿಲ್ಲಬೇಕು. ಎಷ್ಟು ಸಲ 'ಮುಂದೆ' ಅಂದರೂ ಕದಲಬಾರದು. ಮಾತು ಕೇಳೋದನ್ನು ಯಾವ ನಾಯಿಗಾದರೂ ಕಲಿಸಬಹುದು. ಯಾವಾಗ ಕೇಳಬಾರದು ಅಂತ ಕಲಿಸೋದೇ ನಮ್ಮ ಕೆಲಸ.

ಕಡ್ಡಿ ನಿಲ್ಲಲ್ಲ. ಕಾರು ಕಾಣಿಸಲ್ಲ ಅಂತಲ್ಲ, ಕಾಣಿಸುತ್ತೆ. ಕಿವಿ ಅಲ್ಲಾಡುತ್ತೆ. ಆದರೂ ನನ್ನ ಮುಖ ನೋಡಿ, ನಾನು ಹೆಜ್ಜೆ ಇಟ್ಟರೆ ಜೊತೆಗೇ ಇಳಿಯುತ್ತೆ. ತಲೆ ಕೆಟ್ಟು ಹೋಯಿತು. ಆಮೇಲೆ ನಿನ್ನ ಕಾಗದ ನೆನಪಾಯಿತು. ರಸ್ತೆ ಬಂದಾಗ ಹುಡುಗ ತಲೆ ಎತ್ತುತ್ತಿದ್ದ, ತಾನೇ ನೋಡಿ ತಾನೇ ಮೊದಲು ಕಾಲಿಡುತ್ತಿದ್ದ. ಕಡ್ಡಿ ಲೆಕ್ಕದಲ್ಲಿ ಕಂಬ ತನ್ನ ಜವಾಬ್ದಾರಿ, ರಸ್ತೆ ಅವನ ಜವಾಬ್ದಾರಿ. ಒಂದು ವರ್ಷ ದಿನಾ ಸಂಜೆ ಕಲಿತದ್ದು. ಮರಿಯಾಗಿದ್ದಾಗ ತಲೇಲಿ ಕೂತದ್ದು ಬೇಗ ಏಳಲ್ಲ.

ಹೌದಾ ಅಂತ ಅವನನ್ನು ಸುಮ್ಮನೆ ಒಂದು ಮಾತು ಕೇಳು. ಬೈಬೇಡ. ಅವನ ತಪ್ಪು ಇದರಲ್ಲಿ ಏನೂ ಇಲ್ಲ. ಮೇಡಂ ಮುಂದಿನ ತಿಂಗಳವರೆಗೆ ಟೈಮ್ ಕೊಟ್ಟಿದ್ದಾರೆ. ನಾನು ಬಿಡಲ್ಲ.

ನಿನ್ನ ತಮ್ಮ

* * *

ಜುಲೈ 17

ತಮ್ಮಾ,

ಕೇಳಿದೆ. ನೀನು ಬರೆದ ಹಾಗೆಯೇ. ರಸ್ತೆ ಬಂದಾಗ ತಲೆ ಎತ್ತಿ ಎರಡೂ ಕಡೆ ನೋಡಿ, ತಾನೇ ಮೊದಲು ಇಳಿಯುತ್ತಿದ್ದನಂತೆ.

ಬೈಯಲಿಲ್ಲ. ಮರುದಿನ ಬೆಳಿಗ್ಗೆ ಫೋನನ್ನು ತಾನೇ ತಂದು ನನ್ನ ಕೈಗೆ ಕೊಟ್ಟ, ನಿನ್ನ ಹತ್ತಿರವೇ ಇರಲಿ ಎಂದ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಈಗಲಾದರೂ ಕಪಾಟಿನ ಕಡೆ ನೋಡಿಯಾನು.

ಅಕ್ಕ

* * *

ಜುಲೈ 20

ಮಾವ,

ಇದನ್ನು ಅಮ್ಮನಿಗೆ ಹೇಳಬೇಡ. ಅಂಚೆ ಚೀಟಿ ನಾನೇ ತಗೊಂಡೆ.

ಕಡ್ಡಿ ರಸ್ತೇಲಿ ನಿಲ್ಲಲ್ಲ ಅಂತ ಗೊತ್ತಾಯ್ತು. ಅಮ್ಮ ಅಂದಳು, 'ನಿನ್ನ ಓದು ಆ ನಾಯೀನ ಕೆಡಿಸ್ತು, ಕಣ್ಣು ಕಾಣದ ಯಾರಿಗೋ ಸಿಗಬೇಕಾಗಿದ್ದ ದಾರೀನೂ ಕೆಡಿಸ್ತು' ಅಂತ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಯಾಕೆ ಅಷ್ಟು ಅತ್ತಳೋ ಗೊತ್ತಿಲ್ಲ. ಅವಳು ಅತ್ತಿದ್ದು ನೀನು ಕೇಳಬೇಡ.

ನಾನು ಓದೋದು ಬಿಟ್ಟಿದ್ದೀನಿ. ಫೋನಲ್ಲಿ ಮಾತ್ರ ಅಲ್ಲ, ಎಲ್ಲಾ. ಸ್ಕೂಲ್ ಪಾಠ ಬಿಟ್ಟು ಬೇರೆ ಒಂದಕ್ಷರ ಓದಲ್ಲ. ಆ ಕಥೇಲಿ ಹಡಗು ದಡಕ್ಕೆ ಬರೋಕೆ ಇನ್ನು ಸ್ವಲ್ಪವೇ ಇತ್ತು. ಪರವಾಗಿಲ್ಲ. ನಾನು ಓದಲ್ಲ, ಕಡ್ಡಿ ಪಾಸಾಗಬೇಕು. ಪಾಸಾದ ಮೇಲೂ ಓದಲ್ಲ. ಮಾತು ಅಂದರೆ ಮಾತು.

ರಸ್ತೇಲಿ ಅವಳು ನಿನ್ನ ಮುಖ ನೋಡಿದರೆ ನೀನು ನೋಡಬೇಡ ಮಾವ. ಆಕಾಶ ನೋಡು. ನಿನಗೆ ಏನೂ ಗೊತ್ತಿಲ್ಲ ಅಂತ ಅವಳಿಗೆ ಗೊತ್ತಾಗಲಿ. ಬಲಗಿವಿ ಹಿಂದೆ ತುರಿಸಿದರೆ ಅವಳಿಗೆ ಇಷ್ಟ, ಎಡಗಿವಿ ಆಗಲ್ಲ.

ಗೂಬೆ

* * *

ಆಗಸ್ಟ್ 12

ಲೋ ಗೂಬೆ,

ನಿನ್ನ ಕಡ್ಡಿ ಪಾಸು. ಕಾರು ಬಂತು, ನಾನು 'ಮುಂದೆ' ಅಂದೆ, ಬಂಡೆ ಹಾಗೆ ನಿಂತಳು. ಮೇಡಂ ಚಪ್ಪಾಳೆ ಹೊಡೆದರು. ನೀನು ಹೇಳಿದ ಹಾಗೆ ಆಕಾಶ ನೋಡಿದ್ದಕ್ಕೇ ಆದದ್ದು, ಬೇರೆ ಯಾವುದಕ್ಕೂ ಅಲ್ಲ. ಈಗ ಅವಳು ದೂರದ ಊರಲ್ಲಿ ಒಬ್ಬ ಸಂಗೀತದ ಟೀಚರ್ ಜೊತೆ ಇದ್ದಾಳೆ. ಅವರು ಹಾಡಿದರೆ ಇವಳು ನಿದ್ದೆ ಹೊಡೀತಾಳಂತೆ.

ಸಾಕು ಈಗ ನಿನ್ನ ವ್ರತ. ಆ ಹಡಗು ದಡ ಸೇರಿಸು.

ಮಾವ

* * *

ಆಗಸ್ಟ್ 12

ಅಕ್ಕಾ,

ಇದನ್ನು ಓದಿ ಹರಿದುಹಾಕು. ಹುಡುಗನಿಗೆ ಬೇರೆ ಕಾಗದ ಬರೆದಿದ್ದೀನಿ, ಅದರಲ್ಲಿ ಕಡ್ಡಿ ಪಾಸಾಯ್ತು ಅಂತಿದೆ. ನೀನೂ ಹಾಗೇ ಹೇಳು. ಬಾಯಿ ತಪ್ಪಿಯೂ ಬೇರೆ ಹೇಳಬೇಡ.

ಪಾಸಾಗಿಲ್ಲ. ಕೊನೆಯ ಪರೀಕ್ಷೆಯಲ್ಲಿ ಎಲ್ಲಾ ಸರಿ ಹೋಯಿತು. ರಸ್ತೆ ಅಂಚಿಗೆ ಬಂದೆವು. ನಾನು ಮುಖ ಮೇಲೆ ಮಾಡಿ ನಿಂತೆ. ಹಿಡಿ ಒಂದು ಕ್ಷಣ ಗಟ್ಟಿಯಾಯಿತು, ನಿಲ್ಲುತ್ತಿದೆ ಅಂದುಕೊಂಡೆ. ಎದೆ ಎಷ್ಟು ಹೊಡೆದುಕೊಂಡಿತು ಅಂದರೆ ಅದು ಹಿಡಿಗೂ ಗೊತ್ತಾಗಿರಬೇಕು. 'ಮುಂದೆ' ಅಂದೆ. ಇಳಿಯಿತು. ಮೇಡಂ ಹಿಂದಿನಿಂದ ನನ್ನ ಕಾಲರ್ ಹಿಡಿದು ಎಳೆದರು. ಬಟ್ಟೆ ಬಿಚ್ಚಿ ನೋಡಿದರೆ ಕಾರಿನ ಬಂಪರ್ ಅದರ ಮೂಗಿನ ಹತ್ತಿರ. ಕಡ್ಡಿ ಮಾತ್ರ ಬಾಲ ಅಲ್ಲಾಡಿಸುತ್ತಾ ನನ್ನನ್ನೇ ನೋಡುತ್ತಿದೆ, ನೀನಿದ್ದೀಯಲ್ಲ ಅನ್ನೋ ಹಾಗೆ.

'ಒಳ್ಳೆ ನಾಯಿ ಕಣಪ್ಪಾ. ಆದರೆ ಯಾರನ್ನೋ ನಂಬಿಸಿ ಇದರ ಕೈಗೆ ಕೊಡೋಕಾಗಲ್ಲ' ಅಂದರು ಮೇಡಂ. ನಾನು ವಾದ ಮಾಡಲಿಲ್ಲ. ನನಗೇ ಆಶ್ಚರ್ಯ.

ಸುಳ್ಳು ಯಾಕೆ ಅಂತ ಕೇಳಬೇಡ. ಹುಡುಗರ ಮನಸ್ಸು, ನಾಲ್ಕು ದಿನ ಸಂತೋಷವಾಗಿದ್ದು ಮರೆತುಬಿಡ್ತಾನೆ. ಕಡ್ಡಿಗೆ ಎಲ್ಲಾದರೂ ಒಳ್ಳೆ ಮನೆ ಸಿಗುತ್ತೆ.

ನಿನ್ನ ತಮ್ಮ

* * *

ಆಗಸ್ಟ್ 24

ತಮ್ಮಾ,

ನೀನು ಹೇಳಿದ ಹಾಗೆಯೇ ಮಾಡಿದೆ. ಸುಳ್ಳಿಗೆ ಇಷ್ಟು ಸುಲಭವಾಗಿ ಒಪ್ಪಿದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಆದರೆ ಹಗುರವೂ ಆಯಿತು.

ಅವನು ಕುಣಿಯುತ್ತಾನೆ ಎಂದುಕೊಂಡಿದ್ದೆ. ಕುಣಿಯಲಿಲ್ಲ. ನಿನ್ನ ಕಾಗದ ಮಡಚಿಟ್ಟು, 'ಹಾಗಾದರೆ ಕೆಲಸ ಮಾಡ್ತು' ಅಂದ. ಏನು ಕೆಲಸ ಮಾಡಿತೋ ಎಂದು ಕೇಳಿದೆ, 'ಏನಿಲ್ಲಮ್ಮ' ಅಂದ. ಫೋನು ನನ್ನ ಬೀರುವಿನಲ್ಲೇ ಇದೆ, ಒಂದು ಸಲವೂ ಕೇಳಿಲ್ಲ. ದೊಡ್ಡವನಾಗುತ್ತಿದ್ದಾನೆ ಅನ್ನಿಸುತ್ತದೆ.

ಕಡ್ಡಿ ಯಾರ ಮನೆಗೆ ಹೋಯಿತು ಎಂದು ನನಗಾದರೂ ಬರಿ.

ಅಕ್ಕ

* * *

ಅಕ್ಟೋಬರ್ 3

ತಮ್ಮಾ,

ಉತ್ತರ ಬರಲಿಲ್ಲ. ಕೆಲಸ ಬಿಟ್ಟೆಯೋ ಎಂದು ಹೆದರಿ ನಿಮ್ಮ ಆಫೀಸಿಗೆ ಫೋನ್ ಮಾಡಿದೆ, ಇದ್ದಾನೆ ಎಂದರು. ಇದ್ದೂ ಬರೆಯದವನಿಗೆ ಏನು ಹೇಳಲಿ?

ನಾನೂ ಒಂದು ವಿಷಯ ನಿನಗೆ ಬರೆದಿರಲಿಲ್ಲ. ಲೈಬ್ರರಿ ಮುಚ್ಚಿದರು. ಫೋನಿನಲ್ಲಿ ಓದಿದರೆ ಅದು ಓದೇ ಅಲ್ಲ ಎಂದು ನಿನ್ನ ಜೊತೆ ಜಗಳವಾಡುತ್ತಿದ್ದೆನಲ್ಲ, ಆ ವಾರವೇ ಹೇಳಿದ್ದರು. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಆ ಕೋಣೆಯಲ್ಲಿ ಈಗ ಕಂಪ್ಯೂಟರ್‌ಗಳಿವೆ. ನನ್ನನ್ನು ಆಫೀಸಿನಲ್ಲಿ ಹಾಜರಿ ನೋಡಲು ಕೂರಿಸಿದ್ದಾರೆ. ಆ ಸಿಟ್ಟಿನಲ್ಲಿದ್ದಾಗಲೇ ನಿನ್ನ ರಸ್ತೆ ಪಾಠದ ಕಾಗದ ಬಂತು. ಬೈಯಲಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು. ಬೈದೆ. ಆಡಬಾರದ ಮಾತು ಆಡಿದೆ. ನನ್ನ ಲೈಬ್ರರಿ ಮುಚ್ಚಿಸಿದವನೇ ಅವನು ಅನ್ನುವ ಹಾಗೆ ಆಡಿದೆ.

ಈಗ ಅವನು ಏನನ್ನೂ ಓದುವುದಿಲ್ಲ. ಅಂಗಡಿ ಬೋರ್ಡು ಬಂದರೂ ಮುಖ ಆಚೆ ತಿರುಗಿಸುತ್ತಾನೆ. ಸಂಜೆ ಗೋಡೆಗೆ ಒರಗಿ ಸುಮ್ಮನೆ ಕೂರುತ್ತಾನೆ. ಮುಖ ಇಳಿದುಹೋಗಿದೆ. ಒಳ್ಳೊಳ್ಳೆ ಪುಸ್ತಕ ತಂದು ಮುಂದಿಟ್ಟೆ, ಮುಟ್ಟಲಿಲ್ಲ. ಕೊನೆಗೆ ಆ ಫೋನನ್ನೇ ಕೈಗೆ ಕೊಟ್ಟು, ಓದು ಮಗನೇ, ನಿನ್ನ ಹಡಗಿನ ಕಥೆ ಓದು ಎಂದೆ. ನೋಡು ನನ್ನ ಗತಿ. ವಾಪಸ್ ಬೀರುವಿನಲ್ಲಿಟ್ಟು ಬಂದ.

ಆಮೇಲೆ ನಾನೇ ಆ ಕಥೆ ಓದಲು ಶುರು ಮಾಡಿದೆ, ಅದೇ ಫೋನಿನಲ್ಲಿ. ಚೆನ್ನಾಗಿದೆ ತಮ್ಮಾ. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಚೆನ್ನಾಗಿದೆ. ಅವನು ಬಿಟ್ಟ ಕಡೆಗೆ ಬಂದೆ. ಆಸೆಯಾದೀತು ಎಂದು ಅವನ ಪಕ್ಕ ಕೂತು ಜೋರಾಗಿ ಓದಿದೆ. ಅವನು ಎರಡೂ ಕಿವಿ ಮುಚ್ಚಿಕೊಂಡು, 'ಬೇಡಮ್ಮಾ, ಪ್ಲೀಸ್, ನಾನು ಕೇಳಿದರೆ ಅವಳು ಮರೆತುಬಿಡ್ತಾಳೆ, ರಸ್ತೆ ಮಧ್ಯ ಮರೆತುಬಿಡ್ತಾಳೆ' ಎಂದು ಬೇಡಿಕೊಂಡ.

ಯಾರು? ಏನು ಮರೆಯುತ್ತಾಳೆ? ನಿನಗೆ ಗೊತ್ತಿದ್ದರೆ ಬರಿ. ಗೊತ್ತಿದೆ ಅನ್ನಿಸುತ್ತಿದೆ, ಅದಕ್ಕೇ ನೀನು ಬರೆಯುತ್ತಿಲ್ಲ.

ಅಕ್ಕ

* * *

ಅಕ್ಟೋಬರ್ 9

ಅಕ್ಕಾ,

ಗೊತ್ತಿದೆ.

ಜುಲೈನಲ್ಲೇ ಅವನು ನನಗೆ ಗುಟ್ಟಾಗಿ ಬರೆದಿದ್ದ. ತಾನು ಓದೋದು ಬಿಟ್ಟರೆ ಕಡ್ಡಿ ಪಾಸಾಗಬೇಕು, ಪಾಸಾದ ಮೇಲೂ ಓದಲ್ಲ, ಅಂತ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ. ನಿನಗೆ ಹೇಳಬೇಡ ಅಂದಿದ್ದ, ಹೇಳಲಿಲ್ಲ. ಹುಡುಗಾಟ ಅಂದುಕೊಂಡೆ. ನಾನು ಅವನ ವಯಸ್ಸಲ್ಲಿ ಎಷ್ಟು ಆಣೆ ಹಾಕಿದ್ದೆ, ಯಾವುದು ಸಂಜೆವರೆಗೆ ಉಳೀತು? ಎಲ್ಲರೂ ನನ್ನ ಹಾಗೇ ಅಂದುಕೊಂಡೆ. ಅವನು ನಿನ್ನ ಮಗ ಅನ್ನೋದು ಮರೆತೆ. ರಸ್ತೇಲಿ ತಲೆ ಎತ್ತು ಅಂದರೆ ಒಂದು ದಿನ ತಪ್ಪದೆ ಎತ್ತಿದವನು ಅವನು.

ಕಡ್ಡಿ ಪಾಸಾಯ್ತು ಅಂತ ಬರೆದಾಗ ಅವನ ಮನಸ್ಸು ಹಗುರ ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಈಗ ನೋಡಿದರೆ, ನೀನು ಓದು ಬಿಟ್ಟದ್ದಕ್ಕೇ ಅದು ಪಾಸಾಯ್ತು ಅಂತ ನಾನೇ ಸೀಲು ಒತ್ತಿ ಕಳಿಸಿದ್ದೀನಿ. ಎಲ್ಲೋ ಒಬ್ಬ ಟೀಚರ್ ಕಡ್ಡಿಯ ಹಿಡಿ ಹಿಡಿದು ರಸ್ತೆ ದಾಟ್ತಿದ್ದಾರೆ, ತಾನು ಒಂದು ಸಾಲು ಓದಿದರೂ ಅವರು ಕಾರಿನ ಕೆಳಗೆ, ಅಂತ ಅವನು ದಿನಾ ಕಾವಲು ಕೂತಿದ್ದಾನೆ. ಅಂಥ ಟೀಚರೇ ಇಲ್ಲ ಅಕ್ಕಾ. ನಾನು ಕೂತಲ್ಲೇ ಹುಟ್ಟಿಸಿದ್ದು.

ಇನ್ನೊಂದಿದೆ. ಅದಕ್ಕೇ ನಿನಗೆ ಬರೆಯೋಕೆ ಕೈ ಬರಲಿಲ್ಲ. ಕೇಂದ್ರದಲ್ಲಿ ಒಂದು ಕ್ರಮ ಇದೆ. ಫೇಲಾದ ನಾಯಿಯನ್ನು ಮೊದಲು ಸಾಕಿದ ಮನೆಯವರಿಗೇ ಕೇಳ್ತಾರೆ. ಅವರು ಬೇಡ ಅಂದರೆ ಮಾತ್ರ ಬೇರೆಯವರಿಗೆ. ಮೇಡಂ ನನ್ನನ್ನು ಕೇಳಿದರು, 'ನಿಮ್ಮಕ್ಕನ ಮನೇಲಿ ಇಟ್ಕೋತಾರೇನಪ್ಪಾ?' ಅಂತ. ಪಾಸಾಯ್ತು ಅಂತ ಅಷ್ಟರಲ್ಲೇ ಬರೆದು ಅಂಚೆ ಡಬ್ಬಿಗೆ ಹಾಕಿದ್ದೆ. ಕಡ್ಡಿ ನಿಮ್ಮ ಮನೆ ಬಾಗಿಲಿಗೆ ಬಂದು ನಿಂತರೆ ನನ್ನ ಸುಳ್ಳೂ ಜೊತೆಗೇ ಬಂದು ನಿಲ್ಲುತ್ತೆ. 'ಅವರಿಗೆ ಬೇಡವಂತೆ' ಅಂದೆ. ಒಂದು ಮಾತು, ಮುಗೀತು.

ಬೇಕರಿ ನಡೆಸೋ ಗಂಡಹೆಂಡತಿ ಕರೆದುಕೊಂಡು ಹೋದರು. ನಿನ್ನ ಕಾಗದ ಬಂದಮೇಲೆ ವಾಪಸ್ ಕೇಳೋಣ ಅಂತ ಹೋದೆ. ಅಂಗಡಿ ಮೆಟ್ಟಿಲ ಮೇಲೆ ಅವರ ಪುಟ್ಟ ಮಗಳು ತನ್ನ ಬಾಚಣಿಗೆಯಲ್ಲೇ ಕಡ್ಡಿ ಬೆನ್ನು ಬಾಚ್ತಿದ್ದಳು. ಕಡ್ಡಿ ನನ್ನ ನೋಡಿ ಎದ್ದು ಬಂದಳು, ಕೈ ಮೂಸಿದಳು, ಬಾಲ ಅಲ್ಲಾಡಿಸಿದಳು. ಬಲಗಿವಿ ಹಿಂದೆ ತುರಿಸಿದೆ. ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಆ ಮಗು ಕಾಲ ಹತ್ತಿರ ಹೋಗಿ ಮಲಗಿದಳು. 'ಅಂಕಲ್, ಇದು ನಮ್ಮದು' ಅಂತು ಆ ಮಗು. ಹೌದು ಪುಟ್ಟಿ ಅಂದೆ. ಒಂದು ಬ್ರೆಡ್ ಕೊಂಡು ವಾಪಸ್ ಬಂದೆ. ಇನ್ನೂ ಮೇಜಿನ ಮೇಲೇ ಇದೆ, ಕವರ್ ಬಿಚ್ಚಿಲ್ಲ.

ಇವತ್ತು ಬೆಳಿಗ್ಗೆಯಿಂದ ಹುಡುಗನಿಗೆ ಬರೆಯೋಕೆ ಕೂತಿದ್ದೆ. ಬರೆದದ್ದೆಲ್ಲ ಹರಿದೆ. ಕಡ್ಡಿ ಪಾಸಾಗಲಿಲ್ಲ, ನೀನು ಅಷ್ಟೆಲ್ಲ ಬಿಟ್ಟರೂ ಪಾಸಾಗಲಿಲ್ಲ, ನಿನ್ನ ಓದಿಗೂ ಅದಕ್ಕೂ ಈಗ ಸಂಬಂಧ ಇಲ್ಲ, ಅಂತ ಎದುರು ಕೂತು ಹೇಳಬೇಕು. ಅವಳು ನಿನ್ನ ಹತ್ತಿರವೇ ಬರೋಳಿದ್ದಳು, ನಾನು ತಪ್ಪಿಸಿದೆ ಅಂತಲೂ ಹೇಳಬೇಕು. ಅದೊಂದು ಹೇಳದಿದ್ದರೆ ಏನಾಯ್ತು ಅಂತ ನೀನು ಅಂತೀಯ. ಮೊದಲನೇ ಸುಳ್ಳೂ ಹಾಗೇ ಶುರುವಾದದ್ದು. ಅವನು ಮತ್ತೆ ಓದ್ತಾನೋ ಇಲ್ಲವೋ ಗೊತ್ತಿಲ್ಲ. ನನ್ನ ಮುಖ ನೋಡಲ್ಲ ಅನ್ನೋದು ಗೊತ್ತು.

ಈ ಕಾಗದ ಅಂಚೆಗೆ ಹಾಕಲ್ಲ, ಜೇಬಲ್ಲಿಟ್ಟುಕೊಂಡು ಬರ್ತೀನಿ. ಬಾಗಿಲು ತೆಗೆದಾಗ ಕೈಗೆ ಕೊಡ್ತೀನಿ. ನೀನು ಮೆಟ್ಟಿಲ ಮೇಲೇ ಓದು, ಮುಗಿಸಿ ಆಮೇಲೆ ಅವನನ್ನು ಕರಿ. ನಾನು ಖಾಲಿ ಕೈಯಲ್ಲಿ ಬರ್ತಿದ್ದೀನಿ, ಅವನು ನನ್ನ ಹಿಂದೆ ನಾಯಿ ಹುಡುಕದ ಹಾಗೆ ನೋಡಿಕೋ.

ಮೇಡಂಗೂ ಎಲ್ಲ ಹೇಳಿದ್ದೀನಿ. ಬಸ್ಸಿಗೆ ಹೊತ್ತಾಯಿತು. ಬೂಟು ಹಾಕಿಕೊಂಡ ಸದ್ದಿಗೆ ಪಕ್ಕದ ಗೂಡುಗಳಲ್ಲಿ ನಾಯಿಗಳೆಲ್ಲ ಎದ್ದು ನಿಂತಿವೆ, ಬೀದಿಗೆ ಕರೆದುಕೊಂಡು ಹೋಗ್ತೀನಿ ಅಂತ. ಬಾಗಿಲು ಎಳೆದುಕೊಂಡು, ಯಾವುದರ ಮುಖವನ್ನೂ ನೋಡದೆ ಹೊರಡ್ತಿದ್ದೀನಿ.

ನಿನ್ನ ತಮ್ಮ